ಬೆಳೆಯಲೆಂದು ಬಿಟ್ಟ ನಾಲ್ಕು ಬೆರಳು

ಓವರ್‌ಲಾಕ್ ಮೆಷಿನ್ನಿನ ಗರ್ರೆನ್ನುವ ಓಟದ ಅಡಿಯಲ್ಲಿ ಆ ಬೆಳಿಗ್ಗೆ ಇನ್ನೊಂದು ಸದ್ದು ಇತ್ತು. ಕರಕರ, ಕರಕರ. ಯಾರೋ ಮೂಲೆಯಲ್ಲಿ ಕುಳಿತು ಹುರಿದ ಕಡಲೆ ಅಗಿಯುತ್ತಿರುವ ಹಾಗೆ.

“ನಿನ್ ಮೆಷಿನ್ನು ಏನೋ ತಿಂತಾ ಐತೆ ಕಣಮ್ಮ,” ಎಂದಳು ಇಸ್ಮತ್. ಆಕೆ ಬಾಗಿಲ ಪಕ್ಕ ಚಾಪೆಯ ಮೇಲೆ ಕುಳಿತು, ಹೊಲಿದು ಮುಗಿದ ಸ್ಕರ್ಟುಗಳನ್ನು ಅಂಗೈಯಿಂದ ನೀವಿ ಮಡಿಸುತ್ತಿದ್ದಳು.

“ಹೊಸ ಅಟ್ಯಾಚ್‌ಮೆಂಟ್ ಅಲ್ವಾ ಇಸ್ಮತಕ್ಕ. ಅದರ ದನೀನೇ ಹಂಗೆ,” ಎಂದಳು ಲತಾಮಣಿ, ಬಟ್ಟೆಯಿಂದ ಕಣ್ಣು ತೆಗೆಯದೆ.

“ನೆನ್ನೆ ಚಿಂದಿ ಮ್ಯಾಲೆ ಓಡ್ಸಿದಾಗ ಸುಮ್ಕಿತ್ತಲ್ಲ.”

“ನೆನ್ನೆ ಹೊಸ ಸೊಸೆ. ಇವತ್ತು ಅಡಿಗೆಮನೆ ಕೈಗೆ ಸಿಕ್ತು, ದನಿ ಬಂತು.”

ಇಸ್ಮತ್ ನಕ್ಕಳು. ಎಡಗಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ ಇನ್ನೂ ಮೂಗಿನ ಮೇಲಿತ್ತು. ಇನ್ನೂ ಹದಿನೈದು ದಿನ ಸೂಜಿ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದರು. ಆದರೂ ಬೆಳಿಗ್ಗೆ ಹತ್ತಾಗುವ ಹೊತ್ತಿಗೆ ಬಂದು ತನ್ನ ಚಾಪೆ ಹಾಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಕುಳಿತರೆ ಕಣ್ಣಿಗಿಂತ ಮೊದಲು ತಲೆ ಕೆಡುತ್ತದೆ ಎಂಬುದು ಆಕೆ ಕೊಡುತ್ತಿದ್ದ ಕಾರಣ.

ಚನ್ನಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಾಡಿಗೆ ಮನೆಯ ಮುಂದಿನ ಕೋಣೆಯೇ ಲತಾಮಣಿಯ ಅಂಗಡಿ. ಒಂದು ಹೊಲಿಗೆ ಮೆಷಿನ್ನು, ಬಟ್ಟೆಯ ಅಂಚು ಕತ್ತರಿಸುತ್ತಲೇ ಹೊಲಿಯುವ ಒಂದು ಓವರ್‌ಲಾಕು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ದಾರದ ಉಂಡೆಗಳು. ಬೀದಿಯ ಹೆಂಗಸರು ರವಿಕೆ ತರುತ್ತಾರೆ, ಸುತ್ತಲ ಊರಿನವರು ಮಕ್ಕಳ ಯೂನಿಫಾರ್ಮು ತರುತ್ತಾರೆ. ಲತಾಮಣಿ ಹೊಲಿಯುತ್ತಾಳೆ, ಕೊನೆಯ ಕೈಕೆಲಸ, ಅಂದರೆ ಗುಂಡಿ ಹಾಕುವುದು, ಅಂಚು ಮಡಿಸಿ ಹೆಮ್ಮಿಂಗ್ ಮಾಡುವುದು, ಇಸ್ಮತಳದು. ಏಳು ವರ್ಷದಿಂದ ಹೀಗೇ ನಡೆದಿತ್ತು. ಈ ಜೂನಿನಲ್ಲಿ ಮಾತ್ರ ಇಸ್ಮತಳ ಕಣ್ಣು ಮತ್ತು ಅಕ್ಕೂರಿನ ಇಪ್ಪತ್ತಮೂರು ಸ್ಕರ್ಟುಗಳು ಒಂದೇ ಸಮಯಕ್ಕೆ ಬಂದಿದ್ದವು.

ಇಪ್ಪತ್ತಮೂರು ಸ್ಕರ್ಟಿನ ಅಂಚನ್ನು ಕೈಯಲ್ಲಿ ಹೊಲಿಯುವುದೆಂದರೆ ನಾಲ್ಕು ದಿನದ ಕೆಲಸ. ಬೇರೆ ಯಾರಿಗಾದರೂ ಕೊಟ್ಟರೆ, ಕಣ್ಣು ಸರಿಹೋದ ಮೇಲೆ ತನ್ನ ಜಾಗ ಇರುವುದೋ ಇಲ್ಲವೋ ಎಂದು ಇಸ್ಮತ್ ಬಾಯಿಬಿಟ್ಟು ಹೇಳದೆ ಅಂದುಕೊಳ್ಳುತ್ತಾಳೆ. ಅದು ಲತಾಮಣಿಗೆ ಗೊತ್ತು. ಹಾಗಾಗಿ ರಾಮನಗರದ ಮೆಷಿನ್ ರಿಪೇರಿಯ ಅಸ್ಗರನಿಗೆ ಫೋನ್ ಮಾಡಿ, ಓವರ್‌ಲಾಕಿಗೆ ಹಾಕುವ ಹೆಮ್ಮಿಂಗ್ ಅಟ್ಯಾಚ್‌ಮೆಂಟ್ ತರಿಸಿದ್ದಳು. ಬೆರಳುದ್ದದ ಉಕ್ಕಿನ ತುಂಡು ಅದು, ಸೂಜಿಯ ಮುಂದೆ ಒಂದು ಸಣ್ಣ ಗೋಡೆಯ ಹಾಗೆ ಕೂರುತ್ತದೆ. ಸ್ಕರ್ಟಿನ ಅಂಚನ್ನು ಒಳಕ್ಕೆ ಮಡಿಸಿ, ಆ ಮಡಿಕೆಯನ್ನು ಮತ್ತೆ ಹಿಂದಕ್ಕೆ ತಿರುಗಿಸಿ, ಮಡಿಕೆಯ ಮೂಗನ್ನು ಆ ಗೋಡೆಗೆ ಒರಗಿಸಿ ಓಡಿಸಬೇಕು. ಸೂಜಿ ಮಡಿಕೆಯ ಒಂದೋ ಎರಡೋ ಎಳೆಯನ್ನು ಮಾತ್ರ ಹಿಡಿಯುತ್ತದೆ. ಬಟ್ಟೆಯನ್ನು ಬಿಡಿಸಿ ಎಳೆದರೆ ಹೊರಗಿನಿಂದ ಹೊಲಿಗೆಯೇ ಕಾಣುವುದಿಲ್ಲ. ಮಡಿಕೆಯಿಂದ ಆಚೆ ಉಳಿದ ಬಟ್ಟೆ ಎಷ್ಟಿದ್ದರೂ, ಸೂಜಿಯ ಪಕ್ಕದಲ್ಲಿರುವ ಬ್ಲೇಡು ಅದನ್ನು ಕತ್ತರಿಸಿ ಕೆಳಗೆ ಬೀಳಿಸುತ್ತದೆ.

ಮೊದಲ ಸ್ಕರ್ಟು ಮುಗಿದಾಗ ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಸುಮ್ಮನೆ ನಿಂತಿದ್ದಳು. ಕಡುನೀಲಿ ಬಟ್ಟೆ ನೆರಿಗೆ ನೆರಿಗೆಯಾಗಿ ಇಳಿದು, ಎಲ್ಲಿಯೂ ಒಂದು ಚುಕ್ಕೆ ದಾರ ತೋರದೆ, ತನ್ನಷ್ಟಕ್ಕೆ ತಾನೇ ಮುಗಿದುಹೋಗಿತ್ತು. ಹಳೆಯ ಕೆಲಸವೊಂದು ಕೈಗೆ ಮರಳಿ ಬಂದ ಸಂತೋಷ ಅವಳಿಗೆ.

ಹಳೆಯದೇ. ಲತಾಮಣಿ ಹತ್ತೊಂಬತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಇದೇ ಕೆಲಸ ಮಾಡಿದವಳು.

ಅವಳು ಹುಟ್ಟಿದ್ದು ಕೂಟಗಲ್‌ನಲ್ಲಿ. ಅಪ್ಪ ಬೈರಪ್ಪನಿಗೆ ಸ್ವಲ್ಪ ಹಿಪ್ಪುನೇರಳೆ, ಸ್ವಲ್ಪ ರಾಗಿ ಹೊಲ. ನಾಲ್ಕು ಜನ ಹೆಣ್ಣುಮಕ್ಕಳಲ್ಲಿ ಇವಳು ಕಡೆಯವಳು. ಶಾಲೆಯ ಲಂಗ ಹೊಲಿಸುವಾಗ ಅವ್ವ ಟೈಲರಿಗೆ ಹೇಳುತ್ತಿದ್ದುದು ಒಂದೇ ಮಾತು: ಬೆಳೆಯೋದಕ್ಕೆ ಬುಡಪ್ಪ. ಅಂಚಿನ ಒಳಗೆ ನಾಲ್ಕು ಬೆರಳಗಲ ಬಟ್ಟೆ ಮಡಿಸಿಟ್ಟಿರುತ್ತಿತ್ತು. ಪ್ರತಿ ವರ್ಷ ಬೇಸಗೆ ರಜೆ ಮುಗಿಯುವ ವಾರ ಅವ್ವ ಜಗಲಿಯಲ್ಲಿ ಕುಳಿತು ಹೊಲಿಗೆ ಬಿಚ್ಚಿ, ಒಂದು ಬೆರಳೋ ಎರಡು ಬೆರಳೋ ಕೆಳಗಿಳಿಸಿ, ಮತ್ತೆ ಹೊಲಿಯುತ್ತಿದ್ದಳು. ಹಳೆಯ ಮಡಿಕೆ ಇದ್ದ ಕಡೆ ಬಿಳಿಚಿದ ಗೆರೆಯೊಂದು ಉಳಿಯುತ್ತಿತ್ತು. ಗೆರೆಯ ಕೆಳಗೆ ಬಿಸಿಲು ಕಾಣದ ಹೊಸ ಬಣ್ಣ, ಮೇಲೆ ಒಗೆದೊಗೆದು ಮಾಸಿದ ಬಣ್ಣ. ಅಕ್ಕಂದಿರನ್ನು ದಾಟಿ ಇವಳ ಸೊಂಟಕ್ಕೆ ಬರುವಾಗ ಆ ಲಂಗದಲ್ಲಿ ಮೂರು ಗೆರೆ ಆಗಿರುತ್ತಿದ್ದವು. ಹುಡುಗರು ಅವಳನ್ನು ಅಳಿಲು ಎಂದು ಕರೆಯುತ್ತಿದ್ದರು. ಶಾಲೆ ಬಿಡುವವರೆಗೂ ಅದೇ ಹೆಸರು.

ಹದಿನೆಂಟು ತುಂಬಿದ ಮೇಲೆ ಫ್ಯಾಕ್ಟರಿ ಬಸ್ಸು ಹತ್ತಿದಳು. ದೊಡ್ಡ ಹಾಲಿನಲ್ಲಿ ಸಾಲು ಸಾಲು ಟ್ಯೂಬ್‌ಲೈಟು, ಅದರ ಕೆಳಗೆ ಸಾಲು ಸಾಲು ಹುಡುಗಿಯರು. ಇವಳಿಗೆ ಸಿಕ್ಕಿದ್ದು ಹೊರದೇಶಕ್ಕೆ ಹೋಗುವ ಸ್ಕರ್ಟುಗಳ ಅಂಚು. ಮೆಷಿನ್ನಿನ ಮೈಮೇಲೆ ಒಂದು ಇಂಚಿಗೆ ಸರಿಯಾಗಿ ನೀಲಿ ಟೇಪು ಅಂಟಿಸಿತ್ತು. ಅಂಚು ಆ ಟೇಪಿಗೆ ಕೂರಬೇಕು. ಹೆಚ್ಚಿದ್ದರೂ ತಪ್ಪು, ಕಮ್ಮಿಯಿದ್ದರೂ ತಪ್ಪು. ತಪ್ಪಿದ್ದ ಕಡೆ ಚೆಕಿಂಗ್‌ನವರು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ಸು ಎಸೆಯುತ್ತಿದ್ದರು. ಮೊದಲ ತಿಂಗಳು ಅವಳ ಮುಂದೆ ಬಾಣಗಳ ರಾಶಿಯೇ ಇರುತ್ತಿತ್ತು. ಎರಡನೇ ವರ್ಷಕ್ಕೆ ಬಾಣ ನಿಂತಿತು. ಹತ್ತನೇ ವರ್ಷಕ್ಕೆ ಅವಳು ಟೇಪನ್ನು ನೋಡುತ್ತಲೇ ಇರಲಿಲ್ಲ. ಬೆರಳುಗಳು ತಾವಾಗಿಯೇ ಒಂದು ಇಂಚು ಮಡಿಸುತ್ತಿದ್ದವು. ಉಳಿದದ್ದನ್ನು ಬ್ಲೇಡು ನೋಡಿಕೊಳ್ಳುತ್ತಿತ್ತು. ಅರವತ್ತು ಮೆಷಿನ್ನುಗಳ ಗದ್ದಲದಲ್ಲಿ ಯಾವುದರ ಬ್ಲೇಡು ಮೊಂಡಾಗಿದೆ, ಯಾವುದು ಎರಡು ಪದರದ ಬದಲು ಮೂರು ಪದರ ಕತ್ತರಿಸುತ್ತಿದೆ ಎಂದು ಕಿವಿಯಲ್ಲೇ ಹೇಳುತ್ತಿದ್ದಳು.

ಆ ಕೆಲಸದಲ್ಲಿ ಅವಳಿಗೆ ಒಂದು ಒಳಗಿನ ಸಮಾಧಾನವಿತ್ತು. ಈ ಬಟ್ಟೆಗಳಲ್ಲಿ ಯಾವತ್ತೂ ಗೆರೆ ಬೀಳುವುದಿಲ್ಲ. ಇವುಗಳನ್ನು ಯಾರೂ ಬಿಚ್ಚಿ ಇಳಿಸುವುದಿಲ್ಲ. ಅವು ಬೆಳೆದು ಮುಗಿದವರಿಗೆಂದು ಹೊಲಿದ ಬಟ್ಟೆಗಳಾಗಿದ್ದವು.

ಫ್ಯಾಕ್ಟರಿ ಬೇರೆ ಊರಿಗೆ ಹೋದಾಗ ಲತಾಮಣಿ ಅದರ ಜೊತೆ ಹೋಗಲಿಲ್ಲ. ಗಂಡ ಲೋಕೇಶ ರೇಷ್ಮೆಗೂಡು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಿದ್ದ, ಮಗಳು ಹೈಸ್ಕೂಲಿನಲ್ಲಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡಳು. ಮೊದಲ ದಿನ ಬಂದ ಹೆಂಗಸು ಮಗುವಿನ ಲಂಗದ ಬಟ್ಟೆ ಮುಂದಿಟ್ಟು, ಬೆಳೆಯೋದಕ್ಕೆ ಬುಡವ್ವ ಎಂದಾಗ, ಲತಾಮಣಿಗೆ ನಗುವೂ ಬಂತು, ತನ್ನ ಲಂಗದ ಆ ಮೂರು ಗೆರೆಯ ನೆನಪೂ ಬಂತು. ಆದರೆ ಹೆಮ್ಮಿಂಗ್ ಇಸ್ಮತಳದಾಗಿತ್ತು. ಇಸ್ಮತ್ ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ, ತನ್ನ ನಾಲ್ಕು ಬೆರಳು ಇಟ್ಟು ಮಡಿಸುತ್ತಿದ್ದಳು. ಏಳು ವರ್ಷದಲ್ಲಿ ಒಂದು ಮಗುವಿನ ಬಟ್ಟೆಯೂ ಆ ಬೆರಳು ದಾಟಿ ಹೋಗಿರಲಿಲ್ಲ. ಸುತ್ತಲ ಊರಿನಲ್ಲಿ ಲತಾಮಣಿಗೆ ಹೆಸರು ಬಂದದ್ದು ಅದರಿಂದಲೇ: ಅವಳ ಹತ್ರ ಹೊಲಿಸಿದರೆ ಒಂದು ಲಂಗ ಮೂರು ವರ್ಷ ಬರುತ್ತದೆ.

ಆ ಹೆಸರನ್ನು ನಂಬಿಯೇ ಅಕ್ಕೂರಿನ ಸಿದ್ದಮ್ಮ ಈ ಇಪ್ಪತ್ತಮೂರು ಸ್ಕರ್ಟಿನ ಬಟ್ಟೆ ಹೊತ್ತು ತಂದಿದ್ದು. ಲೋಕೇಶನ ದೊಡ್ಡಪ್ಪನ ಹೆಂಡತಿ ಆಕೆ. ಊರಿನ ಹೆಂಗಸರ ಸಂಘಕ್ಕೆ ಹಿರಿಯಳು. ಸಂಘದ ತಾಯಂದಿರೆಲ್ಲ ಸೇರಿ ಒಂದೇ ಥಾನಿನ ಬಟ್ಟೆ ಕೊಂಡಿದ್ದರು. ಅವರಲ್ಲಿ ಚೌಡಮ್ಮನ ಸೊಸೆ ಮಾತ್ರ, ಈಗ ಯಾರು ಹೊಲಿಸ್ತಾರೆ, ರೆಡಿಮೇಡ್ ತರೋಣ ಎಂದಿದ್ದಳಂತೆ. ಅದಕ್ಕೆ ಸಿದ್ದಮ್ಮ ಎಲ್ಲರೆದುರು ತನ್ನ ನಾಲ್ಕು ದಪ್ಪ ಬೆರಳುಗಳನ್ನು ಎತ್ತಿ ತೋರಿಸಿ, ರೆಡಿಮೇಡ್‌ನೋನು ನಿನಗೆ ಇದು ಬುಟ್ಟಾನಾ, ನನ್ ಸೊಸೆ ಬುಡ್ತಾಳೆ, ಅದಕ್ಕೆ ನಾನು ಹೊಣೆ ಎಂದು ಬಾಯಿ ಮುಚ್ಚಿಸಿ ಬಂದಿದ್ದಳು.

ಇಪ್ಪತ್ತಮೂರನೆಯ ಸ್ಕರ್ಟು ಹನ್ನೆರಡಕ್ಕೆ ಮೊದಲೇ ಮುಗಿಯಿತು. ಮೆಷಿನ್ ನಿಂತ ಮೇಲೆ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗಿತ್ತು. ಲತಾಮಣಿ ಬೆನ್ನು ನೆಟ್ಟಗೆ ಮಾಡಿ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ಇಸ್ಮತ್ ಎಂದಿನಂತೆ ಓವರ್‌ಲಾಕಿನ ಕೆಳಗಿನ ಚಿಂದಿ ತುಂಬಿಕೊಳ್ಳಲು ಹಳೆಯ ದಿಂಬಿನ ಚೀಲ ಹಿಡಿದು ಬಗ್ಗಿದಳು. ಅಲ್ಲಿ ಬೀಳುವುದು ಸಾಮಾನ್ಯವಾಗಿ ದಾರದ ಧೂಳು, ಉಗುರಿನಗಲದ ನೂಲು. ಅದನ್ನೇ ಒಟ್ಟುಮಾಡಿ ಆಕೆ ಮೊಮ್ಮಕ್ಕಳಿಗೆ ದಿಂಬು ಮಾಡುತ್ತಿದ್ದಳು. ಇವತ್ತು ಕೈ ಹಾಕಿದರೆ ಕೈತುಂಬ ಬಟ್ಟೆ ಬಂತು. ಕಣ್ಣು ಮಸುಕಾಗಿದ್ದುದರಿಂದ ಬೆರಳಲ್ಲೇ ಹುಡುಕಿ ಒಂದು ತುದಿ ಹಿಡಿದು ಎಳೆದಳು. ಅದು ಬರುತ್ತಲೇ ಇತ್ತು.

“ಲತಮ್ಮ, ಬಾ ಇಲ್ಲಿ. ಇದೇನು, ಮದುಮಗನಿಗೆ ಪೇಟ ಸುತ್ತೋ ಹಂಗೈತಲ್ಲ.”

ಲತಾಮಣಿ ಬಾಗಿಲಲ್ಲಿ ನಿಂತು ನೋಡಿದಳು. ಎರಡು ಇಂಚು ಅಗಲದ ಕಡುನೀಲಿ ಪಟ್ಟಿ. ಒಂದು ಕಡೆ ಥಾನಿನ ಬಟ್ಟೆ ಕತ್ತರಿಸಿದ ಅಂಚು, ಇನ್ನೊಂದು ಕಡೆ ಬ್ಲೇಡು ನೇರವಾಗಿ ನಡೆದುಹೋದ ಗುರುತು. ಅದರ ಕೆಳಗೆ ಇನ್ನೊಂದು ಪಟ್ಟಿ. ಅದರ ಕೆಳಗೆ ಮತ್ತೊಂದು.

ಮಡಿಸಿಟ್ಟ ರಾಶಿಯಿಂದ ಅವಳು ಒಂದು ಸ್ಕರ್ಟು ತೆಗೆದು, ಅಂಚನ್ನು ತಿರುಗಿಸಿ, ಒಳಮಡಿಕೆಯ ಮೇಲೆ ಬೆರಳಿಟ್ಟಳು. ನಾಲ್ಕು ಬೆರಳು ಇರಬೇಕಾದ ಕಡೆ ಒಂದು ಬೆರಳು ಮತ್ತು ಸ್ವಲ್ಪ. ಇನ್ನೊಂದು ತೆಗೆದಳು. ಅದೂ ಅಷ್ಟೇ. ಎಲ್ಲವೂ ಅಷ್ಟೇ ಎಂದು ಗೊತ್ತಿದ್ದೂ ಇಪ್ಪತ್ತಮೂರನ್ನೂ ತೆಗೆದು ನೋಡಿದಳು. ಆಮೇಲೆ ಓವರ್‌ಲಾಕಿನ ಕಡೆ ತಿರುಗಿದಳು. ನಿನ್ನೆ ಅಸ್ಗರ್ ಅಟ್ಯಾಚ್‌ಮೆಂಟ್ ಕೂರಿಸಿ ಹೋದ ಮೇಲೆ, ಅಂಚಿಗೆ ಗುರುತು ಬೇಕಲ್ಲ ಎಂದು ಅವಳೇ ಮೆಷಿನ್ನಿನ ಮೈಮೇಲೆ ಒಂದು ತುಂಡು ಟೇಪು ಅಂಟಿಸಿದ್ದಳು. ಒಂದು ಇಂಚಿಗೆ. ಯಾರೂ ಹೇಳಿರಲಿಲ್ಲ, ಅವಳೂ ಅಳೆದಿರಲಿಲ್ಲ. ಟೇಪಿನ ಬಣ್ಣವೂ ನೀಲಿಯೇ.

ಚಹಾದ ನೀರು ಒಳಗೆ ಕುದಿದು ಸದ್ದು ಮಾಡುತ್ತಿತ್ತು. ಇಸ್ಮತ್ ಎದ್ದುಹೋಗಿ ಗ್ಯಾಸು ಆರಿಸಿ ಬಂದಳು.

“ಎಲ್ಲಾನೂ?” ಎಂದಳು.

“ಎಲ್ಲಾನೂ.”

“ಅದೇ ಬಟ್ಟೆ ಇನ್ನೊಸಿ ಸಿಕ್ಕಾಕಿಲ್ವಾ?”

“ಥಾನು ಮುಗೀತು ಅಂತ ಅಂಗಡಿಯವನು ಅವತ್ತೇ ಅಂದಿದ್ನಂತೆ. ಬೇರೆ ಥಾನು ತಂದ್ರೆ ಬಣ್ಣ ಕೂಡಾಕಿಲ್ಲ.”

“ಇದನ್ನೇ ವಾಪಸ್ ಜೋಡ್ಸು ಮತ್ತೆ.”

“ಜೋಡ್ಸೋವಾಗ ಹೊಲಿಗೇಲಿ ಅರ್ಧ ಇಂಚು ಹೋಯ್ತದೆ. ಜೋಡಿಸಿದ್ದು ಕಾಣ್ತದೆ.”

ಇಸ್ಮತ್ ಕಪ್ಪು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ನನ್ ಕಣ್ಣಿಂದ ಆಯ್ತು ಇದು,” ಎಂದಳು ಮೆಲ್ಲಗೆ.

“ನಿಮ್ ಕಣ್ಣಿಗೂ ಇದಕ್ಕೂ ಏನಕ್ಕ. ನಿಮ್ ಕಿವಿ ಹೇಳ್ತು, ನಾನು ಕೇಳಲಿಲ್ಲ.”

ಆ ಕರಕರ ಸದ್ದು ಅವಳಿಗೆ ಈಗ ಮತ್ತೆ ಕೇಳಿಸಿದಂತಾಯಿತು. ಫ್ಯಾಕ್ಟರಿಯಲ್ಲಿ ಅರವತ್ತು ಮೆಷಿನ್ನಿನ ನಡುವೆ ಗುರುತು ಹಿಡಿಯುತ್ತಿದ್ದ ಸದ್ದು ಅದು, ಬ್ಲೇಡು ಗಟ್ಟಿ ಬಟ್ಟೆ ಕತ್ತರಿಸುವ ಸದ್ದು. ಇಪ್ಪತ್ತಮೂರು ಬಾರಿ ಪಕ್ಕದಲ್ಲೇ ಕೂಗಿದರೂ ಅವಳಿಗೆ ಅದು ಹೊಸ ತುಂಡಿನ ದನಿ ಎನಿಸಿತ್ತು. ಕೈಗೆ ಅಷ್ಟು ಸಂತೋಷವಾಗಿದ್ದಾಗ ಕಿವಿ ಎಲ್ಲಿ ಹೋಗಿತ್ತು? ಅಥವಾ ಕೈಯೇ ಏನನ್ನೋ ನೆನಪಿಟ್ಟುಕೊಂಡಿತ್ತೋ. ಗೆರೆ ಬೀಳದ ಬಟ್ಟೆಯೊಂದನ್ನು ಹೊಲಿಯುವ ಅವಕಾಶ ಸಿಕ್ಕಿತೆಂದು, ಕೂಟಗಲ್‌ನ ಆ ಅಳಿಲು ಒಳಗಿನಿಂದ ಕೈಹಿಡಿದು ನಡೆಸಿತೋ. ಅವಳಿಗೆ ತಿಳಿಯಲಿಲ್ಲ. ಒಂದು ಮಾತ್ರ ತಿಳಿದಿತ್ತು: ಆ ಬಟ್ಟೆ ಅವಳದಾಗಿರಲಿಲ್ಲ. ಮುಂದಿನ ವರ್ಷಕ್ಕೆಂದು, ಅದರ ಮುಂದಿನ ವರ್ಷಕ್ಕೆಂದು ಇಪ್ಪತ್ತಮೂರು ಮನೆಯವರು ಮಡಿಸಿ ಕೈಗೆ ಕೊಟ್ಟದ್ದು ಅದು.

“ಒಂದು ಮಾತು ಹೇಳ್ತೀನಿ, ಬೈಕೋಬೇಡ,” ಎಂದಳು ಇಸ್ಮತ್. “ಈಗ ಯಾರಿಗೂ ಕಾಣಾಕಿಲ್ಲ ಇದು. ಮುಂದಿನ ಜೂನ್ ತಂಕ ಯಾರೂ ಬಿಚ್ಚಾಕಿಲ್ಲ.”

“ಅದೇ ನಂಗೂ ಬಂದಿದ್ದು ತಲೇಗೆ.”

“ಬಂತಲ್ಲ, ಹಂಗಾರೆ ನಾನೊಬ್ಳೇ ಕೆಟ್ಟೋಳಲ್ಲ.”

ಇಬ್ಬರೂ ನಕ್ಕರು. ಫ್ಯಾಕ್ಟರಿಯಲ್ಲಾದರೆ ಕೆಂಪು ಬಾಣ ಇರುತ್ತಿತ್ತು. ತಪ್ಪು ಎಲ್ಲಿದೆ ಎಂದು ಬೇರೆ ಯಾರೋ ತೋರಿಸಿ, ಬೇರೆ ಯಾರೋ ಬೈದು, ಸಂಜೆಯ ಹೊತ್ತಿಗೆ ಅದು ಮುಗಿದುಹೋಗುತ್ತಿತ್ತು. ಇಲ್ಲಿ ಹೊಲಿಗೆ ಅಷ್ಟು ಚೆನ್ನಾಗಿ ಬಂದಿತ್ತು, ಅಷ್ಟೇ ಚೆನ್ನಾಗಿ ತಪ್ಪನ್ನೂ ಮುಚ್ಚಿತ್ತು. ಬಾಣ ಹಚ್ಚಬೇಕಾದವಳು ಅವಳೇ.

ಲತಾಮಣಿ ನೆಲದ ಮೇಲೆ ಕುಳಿತು ಪಟ್ಟಿಗಳನ್ನು ಬಿಡಿಸತೊಡಗಿದಳು. ಅವು ಬಿದ್ದ ಕ್ರಮದಲ್ಲೇ ಇದ್ದವು: ಮೇಲಿನದು ಕಡೆಯ ಸ್ಕರ್ಟಿನದು, ತಳದಲ್ಲಿದ್ದದ್ದು ಮೊದಲನೆಯದು. ಸ್ಕರ್ಟುಗಳ ಮೇಲೆ ಚಾಕ್‌ನಿಂದ ಅಂಕಿ ಬರೆದಿತ್ತು. ಒಂದೊಂದು ಪಟ್ಟಿಯನ್ನೂ ಸುರುಳಿ ಸುತ್ತಿ, ದಾರ ಕಟ್ಟಿ, ಅದೇ ಅಂಕಿ ಬರೆದಳು. ಮಾಡುವುದೇನೆಂದು ಇನ್ನೂ ನಿರ್ಧರಿಸಿರಲಿಲ್ಲ. ಯಾರ ಬಟ್ಟೆ ಯಾರದೆಂದು ಕಲಸಿಹೋಗಬಾರದು ಎಂಬುದಷ್ಟೇ ಸದ್ಯಕ್ಕೆ ಗೊತ್ತಿತ್ತು.

ಸಿದ್ದಮ್ಮ ಒಂದು ಗಂಟೆಯ ಬಸ್ಸಿಗೆ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕವರಿನ ತುಂಬ ಹಲಸಿನ ತೊಳೆ ತಂದದ್ದನ್ನು ಇಸ್ಮತಳ ಮಡಿಲಿಗೆ ಇಟ್ಟು, ಉಸ್ಸೆಂದು ಸ್ಟೂಲಿನ ಮೇಲೆ ಕುಳಿತಳು.

“ಏನಿಸ್ಮತಮ್ಮ, ಕರಿ ಕನ್ನಡ್ಕ ಹಾಕ್ಕಂಡು ಸಿನಿಮಾದೋಳಂಗಾಗಿದ್ದೀಯ.”

“ನಿಮ್ಮನ್ನ ನೋಡೋಕೆ ಒಸಿ ನೆಳ್ಳು ಬೇಕಲ್ಲ ಸಿದ್ದಮ್ಮಾರೇ, ಅದಕ್ಕೆ.”

ಸಿದ್ದಮ್ಮ ನಗುತ್ತಲೇ ರಾಶಿಯ ಮೇಲಿನ ಸ್ಕರ್ಟು ಎತ್ತಿಕೊಂಡಳು. ತಿರುಗಿಸಿದಳು, ಬೆಳಕಿಗೆ ಹಿಡಿದಳು, ಮೂಗಿನ ಹತ್ತಿರ ತಂದಳು. “ಹೊಲಿಗೆ ಎಲ್ಲಮ್ಮಿ ಇದರದ್ದು? ಹುಡುಕುದ್ರೂ ಸಿಕ್ಕಾಕಿಲ್ವಲ್ಲ. ಅಂಗಡೀಲಿ ಗಾಜಿನೊಳಗೆ ನೇತಾಕಿರ್ತಾರಲ್ಲ ಹಂಗೈತೆ. ಚೌಡಮ್ಮನ ಸೊಸೆ ಮೊದ್ಲು ನೋಡ್ಲಿ ಇದನ್ನ. ಅವಳ ಮಗಳದ್ದು ಯಾವ್ದು?”

“ಹನ್ನೊಂದನೇದು,” ಎಂದಳು ಲತಾಮಣಿ.

ಸಿದ್ದಮ್ಮನ ದಪ್ಪ ಬೆರಳುಗಳು ಬಟ್ಟೆಯ ಮೇಲೆ, ಅಂಚಿನ ಹತ್ತಿರವೇ, ಪ್ರೀತಿಯಿಂದ ಓಡಾಡುತ್ತಿದ್ದವು. ಒಳಗೆ ತಿರುಗಿಸಿ ನೋಡುವುದು ಅವಳಿಗೆ ಹೊಳೆಯಲೇ ಇಲ್ಲ. ಅವಳ ನಂಬಿಕೆ ಅಷ್ಟು ದೊಡ್ಡದಿತ್ತು. ಸ್ಕರ್ಟನ್ನು ಮಡಿಸಿ ಚೀಲಕ್ಕೆ ಹಾಕಲು ಹೊರಟಳು. ಹಾಕಿಬಿಟ್ಟರೆ ಆಯಿತು, ಬಸ್ಸು ಹತ್ತುತ್ತಾಳೆ, ನಾಳೆ ಇಪ್ಪತ್ತಮೂರು ಹುಡುಗಿಯರು ಗರಿಗರಿಯಾಗಿ ಶಾಲೆಗೆ ಹೋಗುತ್ತಾರೆ. ಒಂದು ವರ್ಷ ತುಂಬ ಉದ್ದದ ಸಮಯ.

“ದೊಡ್ಡತ್ತೆ,” ಎಂದಳು ಲತಾಮಣಿ. “ಒಳಗಡೆ ನಿಮ್ ಬೆರಳು ಇಟ್ಟು ನೋಡಿ.”

“ಅದ್ಯಾಕಮ್ಮಿ ನೋಡ್ಲಿ. ನೀನು ಬುಟ್ಟಿರ್ತೀಯ.”

“ಇಟ್ಟು ನೋಡಿ.”

ಸಿದ್ದಮ್ಮ ಅಂಚು ತಿರುಗಿಸಿ ನಾಲ್ಕು ಬೆರಳು ಇಟ್ಟಳು. ಮೂರು ಬೆರಳು ಬರಿಯ ಬಟ್ಟೆಯ ಮೇಲೆ ಉಳಿದವು. ತಪ್ಪು ಜಾಗ ಹಿಡಿದೆನೇನೋ ಎಂಬಂತೆ ಇನ್ನೊಂದು ಕಡೆ ಇಟ್ಟಳು. ಆಮೇಲೆ ಲತಾಮಣಿಯ ಮುಖ ನೋಡಿದಳು. ಲತಾಮಣಿ ಸುರುಳಿಗಳಿದ್ದ ಚೀಲವನ್ನು ಅವಳ ಮುಂದೆ ಇಟ್ಟು ನಡೆದದ್ದನ್ನು ಹೇಳಿದಳು. ಟೇಪಿನ ವಿಷಯ ಹೇಳಿದಳು, ಕೈ ತಾನಾಗಿಯೇ ಮಡಿಸಿದ್ದು ಹೇಳಿದಳು. ಅಟ್ಯಾಚ್‌ಮೆಂಟಿನ ಮೇಲೆ ತಪ್ಪು ಹೊರಿಸಲಿಲ್ಲ.

ಸಿದ್ದಮ್ಮ ಒಂದು ಸುರುಳಿಯ ದಾರ ಬಿಚ್ಚಿ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಳು.

“ಇಪ್ಪತ್ಮೂರು ಜನದ ಮುಂದೆ ಕೈ ಎತ್ತಿ ಹೇಳಿ ಬಂದಿದ್ನಲ್ಲಮ್ಮಿ,” ಎಂದಳು ಕಡೆಗೆ. “ನನ್ ನಾಲಿಗೆ ಕುಯ್ದು ಕೆಳಗಾಕ್ದಂಗಾಯ್ತು.”

“ತಪ್ಪಾಯ್ತು ದೊಡ್ಡತ್ತೆ.”

“ತಪ್ಪಾಯ್ತು ಅಂದ್ರೆ ಬಟ್ಟೆ ಉದ್ದ ಆಯ್ತದಾ? ಆ ಹೆಣ್ಣು, ಚೌಡಮ್ಮನ ಸೊಸೆ, ಈ ವರ್ಷ ಪೂರಾ ಇದನ್ನೇ ಆಡ್ತಾಳೆ. ಕೊಳಾಯಿ ತಾವ ಆಡ್ತಾಳೆ, ಡೈರಿ ತಾವ ಆಡ್ತಾಳೆ. ಹಾಲು ಅಳೆಯೋವಾಗ ನಾಕು ಬೆರಳು ಎತ್ತಿ ತೋರಿಸ್ತಾಳೆ ನಂಗೆ.” ದನಿ ತಗ್ಗಿತು. “ನೋಡು ಮಗ. ಇದು ಈ ಮೂರು ಜನದ ಒಳಗೇ ಇರ್ಲಿ. ಈ ಪಟ್ಟಿ ಗಂಟು ನಾನು ತಗಂಡೋಗಿ ನನ್ ಪೆಟ್ಟಿಗೇಲಿ ಇಟ್ಟಿರ್ತೀನಿ. ಮುಂದಿನ ವರ್ಷ ಲಂಗ ಇಳಿಸೋಕೆ ತರ್ತಾರಲ್ಲ, ಆಗ ಗಪ್‌ಚಿಪ್ಪಾಗಿ ಹಚ್ಚಿ ಕೊಟ್ಬುಡು. ಹೆಂಗಿದ್ರೂ ಗೆರೆ ಬೀಳ್ತದೆ, ಯಾರಿಗೆ ಗೊತ್ತಾಯ್ತದೆ.”

“ನಾನೂ ಅದ್ನೇ ಹೇಳ್ದೆ,” ಎಂದಳು ಇಸ್ಮತ್, ಹಲಸಿನ ಬೀಜ ಅಂಗೈಗೆ ಉಗುಳುತ್ತ. “ನನ್ ಮಾತು ಕೇಳಾಕಿಲ್ಲ ಅವಳು.”

“ನಿನ್ ಮಾತು ಕೇಳ್ದಿದ್ರೆ ನನ್ ಮಾತು ಕೇಳ್ತಾಳೆ. ನಾನು ಅತ್ತೆ.”

ಲತಾಮಣಿ ಪಿನ್ನುಗಳ ಡಬ್ಬಿ ತೆಗೆದುಕೊಂಡು ಕುಳಿತಳು. ಒಂದನೇ ಸ್ಕರ್ಟಿನ ಸೊಂಟದ ಒಳಗೆ ಒಂದನೇ ಸುರುಳಿಯನ್ನು ಇಟ್ಟು ಪಿನ್ ಹಾಕಿದಳು. ಎರಡನೆಯದಕ್ಕೆ ಎರಡನೆಯದು.

“ಅದೇನ್ ಮಾಡ್ತಿದ್ದೀಯಮ್ಮಿ? ಪಟ್ಟಿ ನಂಗೆ ಕೊಡು ಅಂದ್ನಲ್ಲ.”

“ಇದು ಅವರ ಬಟ್ಟೆ ದೊಡ್ಡತ್ತೆ. ಅವರ ಮನೇಲಿ ಇರ್ಬೇಕು.”

“ಕಂಡ್ಬುಡ್ತದಲ್ಲ ಅವರಿಗೆ.”

“ಕಾಣ್ಲಿ ಅಂತಲೇ.”

“ನಿಂಗೆ ಇನ್ನು ಆ ಊರಿಂದ ಒಂದು ತುಂಡು ಬಟ್ಟೆ ಬರಾಕಿಲ್ಲ, ತಿಳ್ಕೊ. ರೆಡಿಮೇಡ್ ತರ್ತಾರೆ. ಅವಳು ತರಿಸ್ತಾಳೆ.”

ಲತಾಮಣಿಯ ಕೈ ಒಂದು ಗಳಿಗೆ ನಿಂತಿತು. ಅದು ಅವಳಿಗೆ ಗೊತ್ತಿಲ್ಲದ ಮಾತಲ್ಲ. ಅಕ್ಕೂರಿನಲ್ಲಿ ಆಡಿದ ಮಾತು ಪಕ್ಕದ ಊರಿಗೆ ಹೋಗುತ್ತದೆ. ನಾಲ್ಕು ಬೆರಳಿನ ಲತಾಮಣಿ ಎಂಬ ಹೆಸರು ಏಳು ವರ್ಷದಲ್ಲಿ ನಡೆದುಬಂದ ದಾರಿಯಲ್ಲೇ ಹಿಂದಕ್ಕೆ ನಡೆದುಬಿಡಬಹುದು. ಅವಳು ಚಾಪೆಯ ಮೇಲಿನ ಇಸ್ಮತಳನ್ನು ನೋಡಿದಳು. ಹೆಸರು ಹೋದರೆ ಹೋಗುವುದು ತನ್ನದೊಂದೇ ಕೆಲಸವಲ್ಲ. ಇಸ್ಮತ್ ಕಪ್ಪು ಕನ್ನಡಕದ ಹಿಂದಿನಿಂದ ಏನು ನೋಡಿದಳೋ, ಸುಮ್ಮನೆ ಕೈಚಾಚಿ, ಪಿನ್ನಿನ ಡಬ್ಬಿಯನ್ನು ಅವಳ ಹತ್ತಿರಕ್ಕೆ ಸರಿಸಿದಳು.

“ಗೆರೆ ಬೀಳ್ತದೆ ಅಂದ್ರಲ್ಲ,” ಎಂದಳು ಲತಾಮಣಿ. “ಎರಡು ಬೀಳ್ತವೆ ದೊಡ್ಡತ್ತೆ. ಮಡಿಕೇದು ಒಂದು, ಜೋಡಿಸಿದ್ದು ಒಂದು. ಒಂದು ಮಗು ಬೆಳ್ದಿದ್ದಕ್ಕೆ. ಇನ್ನೊಂದು ನಾನು ಕುಯ್ದಿದ್ದಕ್ಕೆ. ಆ ಎರಡನೇದು ಯಾಕೆ ಅಂತ ಆ ಮಕ್ಕಳು ಕೇಳ್ತಾವೆ. ಅವರವ್ವಂದ್ರಿಗೆ ಉತ್ತರ ಗೊತ್ತಿರ್ಬೇಕು.”

“ಏನೋ ದೊಡ್ಡ ಮಾತಾಡ್ತಾಳೆ. ಗೆರೆ ಅಂತೆ. ನಮ್ ಕಾಲದಲ್ಲಿ ಯಾರಿಗಿರ್ಲಿಲ್ಲ ಗೆರೆ.”

“ನಂಗೆ ಮೂರಿದ್ವು.”

ಇಪ್ಪತ್ತಮೂರನೆಯ ಪಿನ್ನು ಹಾಕಿ ಮುಗಿಯಿತು. ಲತಾಮಣಿ ಎಲ್ಲವನ್ನೂ ಚೀಲಕ್ಕೆ ತುಂಬಿದಳು. ಎದ್ದು ಓವರ್‌ಲಾಕಿನ ಹತ್ತಿರ ಹೋಗಿ ನೀಲಿ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಟೇಪು ಹೋದ ಕಡೆ ಅಂಟಿನ ಮಂಕು ಗುರುತು ಉ​ಳಿಯಿತು. ಅದನ್ನು ಒರೆಸಲಿಲ್ಲ. ಮೊಳೆಯ ಮೇಲಿದ್ದ ಅಳತೆಪಟ್ಟಿಯನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡಳು, ಮತ್ತೇನೋ ಯೋಚಿಸಿ ಅದನ್ನು ವಾಪಸ್ಸು ಮೊಳೆಗೇ ನೇತುಹಾಕಿದಳು.

ಅವಳ ಬೆನ್ನ ಹಿಂದೆ ಸಿದ್ದಮ್ಮ, ಇಸ್ಮತ್ ಇಬ್ಬರೂ ಜಗಳಕ್ಕೆ ಬಿದ್ದಿದ್ದರು.

“ನೀನಾದ್ರೂ ಬುದ್ಧಿ ಹೇಳಬಾರದಾ ಇಸ್ಮತಮ್ಮ. ಜೊತೇಲಿ ಕುಂತಿರ್ತೀಯ.”

“ಕುಂತಿದ್ದು ಬಟ್ಟೆ ಮಡಿಸೋಕೆ. ಬುದ್ಧಿ ಹೇಳೋಕೆ ಕುಂತಿದ್ರೆ ನಿಮ್ ಮನೇಲೇ ಕೂತ್ಕತಿದ್ದೆ, ಅಲ್ಲಿ ಕೆಲಸ ಜಾಸ್ತಿ.”

“ಕಣ್ಣು ಹೋದ್ರೂ ಬಾಯಿ ಹೋಗ್ಲಿಲ್ಲ ನಿಂಗೆ.”

“ಬಾಯಿಗೆ ಡಾಕ್ಟ್ರು ಏನೂ ಹೇಳಿಲ್ಲ.”

ಲತಾಮಣಿ ಚಪ್ಪಲಿ ಮೆಟ್ಟಿದಳು. ಚೀಲ ಭಾರವಾಗಿತ್ತು, ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು.

“ಎಲ್ಲಿಗಮ್ಮಿ?” ಎಂದಳು ಸಿದ್ದಮ್ಮ.

“ಎರಡು ಗಂಟೆ ಬಸ್ಸೈತೆ ಅಕ್ಕೂರಿಗೆ. ಒಬ್ಬೊಬ್ಬರ ಕೈಗೂ ನಾನೇ ಕೊಟ್ಟು ಹೇಳಿ ಬತ್ತೀನಿ.”

“ನೀನ್ಯಾಕಮ್ಮಿ ಬರ್ಬೇಕು, ನಾನು ತಗಂಡೋಗಾಕೆ ತಾನೇ ಬಂದಿರೋದು. ಹೋಗ್ಲಿ, ಹೇಳ್ಳೇಬೇಕು ಅಂದ್ರೆ ನಾನೇ ಹೇಳ್ತೀನಿ, ಮೆಷಿನ್ ಕೆಟ್ಟೋಯ್ತು ಅಂತೀನಿ, ಕರೆಂಟ್ ಹೋಯ್ತು ಅಂತೀನಿ. ನೀನು ಸುಮ್ಕೆ ನನ್ ಹಿಂದೆ ನಿಂತಿರು, ಬಾಯಿ ಬುಡಬೇಡ. ಬತ್ತೀನಿ ತಡಿ, ಒಸಿ ನೀರು ಕುಡಿತೀನಿ. ಇಸ್ಮತಮ್ಮ, ಒಂದು ಲೋಟ ನೀರು ಕೊಡು. ಮತ್ತೆ ಒಂದು ಮಾತು ಕಣಮ್ಮಿ, ಹೋಗುತ್ಲೇ ಚೌಡಮ್ಮನ ಮನೆಗೆ ಹೋಗ್ಬೇಡ, ಅವಳ ಮನೆ ಕಡೇಗೆ ಇಟ್ಕೊಳಣ, ಮೊದ್ಲು ನಮ್ ಕಡೇರ ಮನೆ ನಾಕು ಮುಗಿಸಿ, ಆಮೇಲೆ ಮೇಲಿನ ಬೀದಿ...”

ಲತಾಮಣಿ ಆಗಲೇ ಮೆಟ್ಟಿಲಿಳಿದಿದ್ದಳು. ಬೀದಿಯ ತಿರುವಿನಲ್ಲಿ ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಬಸ್ ನಿಲ್ದಾಣದ ಕಡೆಗೆ ನಡೆದಳು. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಚೌಡಮ್ಮನ ಸೊಸೆಯ ಮಗಳದ್ದು, ಹನ್ನೊಂದನೆಯ ಸ್ಕರ್ಟು ಇತ್ತು.